ಗಡ್ಡೆಯೊಳಗೆ ಬಿಳಿ ಕಣಗಳನ್ನು ಕಂಡ ರುಡಾಲ್ಫ್ ವಿರ್ಚೋ

ಮಕ್ಕಳೇ, ಬರಿಗಾಲಲ್ಲಿ ಓಡಾಡುವಾಗ ಜಾಲಿ ಮುಳ್ಳು ಚುಚ್ಚಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಮುಳ್ಳು ಮುರಿದು ಒಳಗೇ ಉಳಿದರೆ ಮಾರನೆಯ ದಿನ ಏನಾಗುತ್ತದೆ? ಆ ಜಾಗ ಕೆಂಪಗಾಗುತ್ತದೆ, ಊದಿಕೊಳ್ಳುತ್ತದೆ. ಮುಟ್ಟಿದರೆ ಬಿಸಿ, ಮುಟ್ಟದಿದ್ದರೂ ನೋವು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮ್‌ನ ಸೆಲ್ಸಸ್ ಎಂಬ ಲೇಖಕ ಈ ನಾಲ್ಕು ಲಕ್ಷಣಗಳನ್ನು ಬರೆದಿಟ್ಟಿದ್ದ. ಇದನ್ನೇ ಉರಿಯೂತ ಎನ್ನುವುದು. ಉರಿ ಮತ್ತು ಊತ ಎರಡೂ ಹೆಸರಿನಲ್ಲೇ ಇವೆ, ನೋಡಿ! ಮುಳ್ಳು ಚುಚ್ಚಿದ ಕಾಲನ್ನು ನೆಲಕ್ಕೂರಿ ಓಡಲು ಆಗುವುದಿಲ್ಲವಲ್ಲ, ಅದು ಐದನೆಯ ಲಕ್ಷಣ. ಅಂದರೆ ಉರಿಯೂತವಾದ ಅಂಗ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಈ ಐದನೆಯದಕ್ಕೆ ಒತ್ತು ಕೊಟ್ಟವನು ಜರ್ಮನಿಯ ವೈದ್ಯ ರುಡಾಲ್ಫ್ ವಿರ್ಚೋ.

ಇದೇ ವಿರ್ಚೋ 1863ರಲ್ಲಿ ಇನ್ನೊಂದು ಸಂಗತಿಯತ್ತ ಬೆರಳು ತೋರಿಸಿದ. ಗಡ್ಡೆಯ ತೆಳುವಾದ ಸೀಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಅಲ್ಲಿ ಬಿಳಿ ರಕ್ತಕಣಗಳೂ ಸೇರಿಕೊಂಡಿರುತ್ತಿದ್ದವು. ಬಿಳಿ ರಕ್ತಕಣಗಳು ನಮ್ಮ ದೇಹದ ಕಾವಲುಗಾರರು. ಮುಳ್ಳು ಚುಚ್ಚಿದ ಜಾಗಕ್ಕೆ ಅವು ಧಾವಿಸಿ ಬರುವುದು ಸರಿಯೇ. ಆದರೆ ಗಡ್ಡೆಯೊಳಗೆ ಅವುಗಳಿಗೇನು ಕೆಲಸ? ಇಂದು ಸ್ತನ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡುವವರೂ ಇದೇ ಪ್ರಶ್ನೆಯನ್ನು ಹಿಡಿದು ಕುಳಿತಿದ್ದಾರೆ. ಮೊದಲು ಆ ಮನುಷ್ಯನ ಕಥೆ ಕೇಳಿ.

ವಿರ್ಚೋ ಹುಟ್ಟಿದ್ದು 1821ರ ಅಕ್ಟೋಬರ್ 13ರಂದು, ಶಿಫೆಲ್‌ಬೈನ್ ಎಂಬ ಸಣ್ಣ ಊರಿನಲ್ಲಿ. ಆಗ ಅದು ಪ್ರಷ್ಯಾ ರಾಜ್ಯಕ್ಕೆ ಸೇರಿತ್ತು, ಈಗ ಪೋಲೆಂಡ್ ದೇಶದಲ್ಲಿದೆ. ತಂದೆ ಬೇಸಾಯ ಮಾಡುತ್ತಾ ಊರಿನ ಖಜಾನೆಯ ಲೆಕ್ಕವನ್ನೂ ನೋಡಿಕೊಳ್ಳುತ್ತಿದ್ದರು. ಒಬ್ಬನೇ ಮಗ. ವೈದ್ಯಕೀಯ ಓದಿಸುವಷ್ಟು ಹಣ ಮನೆಯಲ್ಲಿರಲಿಲ್ಲ. ಸೈನ್ಯಕ್ಕೆ ವೈದ್ಯರನ್ನು ತಯಾರು ಮಾಡುವ ಸಂಸ್ಥೆಯೊಂದು ಬರ್ಲಿನ್ ನಗರದಲ್ಲಿತ್ತು. ಅಲ್ಲಿ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ 1839ರಲ್ಲಿ ಹುಡುಗ ಬರ್ಲಿನ್‌ಗೆ ಬಂದ. 1843ರಲ್ಲಿ ವೈದ್ಯನಾದ. ಆಮೇಲೆ ಷಾರಿಟೆ ಎಂಬ ದೊಡ್ಡ ಆಸ್ಪತ್ರೆಯಲ್ಲಿ ಶವಪರೀಕ್ಷೆಯ ಕೆಲಸಕ್ಕೆ ಸೇರಿದ.

ಶವಪರೀಕ್ಷೆಯ ಕೋಣೆ ಯಾರಿಗೂ ಇಷ್ಟವಾಗುವ ಜಾಗವಲ್ಲ. ಆದರೆ ವಿರ್ಚೋಗೆ ಅದೇ ಪಾಠಶಾಲೆಯಾಯಿತು. 1845ರಲ್ಲಿ ಅಲ್ಲಿಗೆ ಅಡುಗೆ ಕೆಲಸದ ಹೆಂಗಸೊಬ್ಬಳ ಶವ ಬಂತು. ಆಕೆಯ ರಕ್ತದ ಬಣ್ಣವೇ ಬೇರೆಯಾಗಿತ್ತು. ಮಾಮೂಲಿ ರಕ್ತದಲ್ಲಿ ಕೆಂಪು ಕಣಗಳು ರಾಶಿರಾಶಿ, ಬಿಳಿ ಕಣಗಳು ಅಲ್ಲೊಂದು ಇಲ್ಲೊಂದು. ಆಕೆಯ ರಕ್ತದಲ್ಲಿ ಈ ಲೆಕ್ಕ ತಲೆಕೆಳಗಾಗಿತ್ತು. ಅದೇ ವರ್ಷ ಸ್ಕಾಟ್ಲೆಂಡಿನ ಬೆನೆಟ್ ಎಂಬ ವೈದ್ಯ ಇಂಥದ್ದೇ ರಕ್ತ ನೋಡಿ ಅದರಲ್ಲಿರುವುದು ಕೀವು ಎಂದು ತಿಳಿದ. ವಿರ್ಚೋ ಒಪ್ಪಲಿಲ್ಲ. ಕೀವು ಇರಬೇಕಾದರೆ ಎಲ್ಲೋ ಒಂದು ಕಡೆ ಉರಿಯೂತ ಇರಬೇಕಲ್ಲವೇ? ಈ ದೇಹದಲ್ಲಿ ಅದು ಕಾಣಲಿಲ್ಲ. ಹಾಗಾಗಿ ಇದು ಬಿಳಿ ಕಣಗಳೇ ಲೆಕ್ಕ ತಪ್ಪಿ ಹೆಚ್ಚಿದ ರೋಗ ಎಂದು ತೀರ್ಮಾನಿಸಿದ. ಇದಕ್ಕೆ ಆತ ಲ್ಯುಕೇಮಿಯಾ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಬಿಳಿ ರಕ್ತ. ರಕ್ತದ ಕ್ಯಾನ್ಸರ್‌ಗೆ ಇಂದಿಗೂ ಅದೇ ಹೆಸರು. ಆಗ ವಿರ್ಚೋ ಇನ್ನೂ ಯುವಕ!

1848ರ ಆರಂಭದಲ್ಲಿ ಸರ್ಕಾರ ಆತನನ್ನು ಮೇಲಣ ಸೈಲೀಷಿಯಾ ಎಂಬ ಪ್ರದೇಶಕ್ಕೆ ಕಳುಹಿಸಿತು. ಅಲ್ಲಿ ಟೈಫಸ್ ಜ್ವರ ಹಬ್ಬಿ ಜನ ಸಾಯುತ್ತಿದ್ದರು. ಪೋಲಿಷ್ ಭಾಷೆಯಾಡುವ ಬಡ ಕೂಲಿಕಾರರ ನಾಡು ಅದು. ಬೆಳೆ ಹೋಗಿ ಬರಗಾಲ ಬಂದಿತ್ತು. ವಿರ್ಚೋ ಸುಮಾರು ಮೂರು ವಾರ ಗುಡಿಸಲುಗಳನ್ನು ಸುತ್ತಿ ನೋಡಿದ. ಔಷಧಿಯ ಪಟ್ಟಿ ತರುತ್ತಾನೆಂದು ಕಾಯುತ್ತಿದ್ದ ಅಧಿಕಾರಿಗಳಿಗೆ ಆತ ತಂದದ್ದು ಬೇರೆಯದೇ ಪಟ್ಟಿ. ಈ ಜನರಿಗೆ ಶಾಲೆ ಬೇಕು, ಅವರ ಮಾತೃಭಾಷೆಗೆ ಮನ್ನಣೆ ಬೇಕು, ರಸ್ತೆ ಬೇಕು, ಹೊಟ್ಟೆ ತುಂಬ ಊಟ ಬೇಕು, ತಮ್ಮ ವ್ಯವಹಾರ ತಾವೇ ನೋಡಿಕೊಳ್ಳುವ ಸ್ವಾತಂತ್ರ್ಯ ಬೇಕು ಎಂದು ಬರೆದುಕೊಟ್ಟ. ಸರ್ಕಾರಕ್ಕೆ ಇದು ರುಚಿಸುತ್ತದೆಯೇ? ಅಷ್ಟು ಸಾಲದೆಂಬಂತೆ, ಅದೇ ಮಾರ್ಚ್‌ನಲ್ಲಿ ಬರ್ಲಿನ್ ಜನ ರಾಜನ ವಿರುದ್ಧ ಬೀದಿಗಿಳಿದಾಗ ವಿರ್ಚೋ ಅವರ ಜೊತೆ ನಿಂತ. ಮರುವರ್ಷ ಷಾರಿಟೆಯ ಕೆಲಸ ಹೋಯಿತು. ಆತ ವುರ್ಟ್ಸ್‌ಬುರ್ಗ್ ಎಂಬ ಊರಿನ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಹೋದ.

ಕೆಲಸ ಹೋದದ್ದು ವಿಜ್ಞಾನಕ್ಕೆ ಲಾಭವೇ ಆಯಿತೆನ್ನಬೇಕು. ವುರ್ಟ್ಸ್‌ಬುರ್ಗ್‌ನಲ್ಲಿ ಏಳು ವರ್ಷ ನೆಮ್ಮದಿಯಿಂದ ಸೂಕ್ಷ್ಮದರ್ಶಕದ ಮುಂದೆ ಕುಳಿತ. 1856ರಲ್ಲಿ ಬರ್ಲಿನ್ ಆತನನ್ನು ಗೌರವದಿಂದ ಮರಳಿ ಕರೆಸಿಕೊಂಡಿತು. 1858ರಲ್ಲಿ ಆತನ ಇಪ್ಪತ್ತು ಉಪನ್ಯಾಸಗಳು ಪುಸ್ತಕವಾಗಿ ಬಂದವು. ಜೀವಕೋಶ ಹುಟ್ಟುವುದು ಇನ್ನೊಂದು ಜೀವಕೋಶದಿಂದಲೇ, ರೋಗವೂ ಜೀವಕೋಶದಲ್ಲೇ ಶುರುವಾಗುತ್ತದೆ ಎಂಬುದು ಅದರ ತಿರುಳು. ಅಲ್ಲಿಯವರೆಗೆ ಎಷ್ಟೋ ವೈದ್ಯರು ರೋಗವೆಂದರೆ ದೇಹದ ದ್ರವಗಳು ಕೆಡುವುದು ಎಂದು ನಂಬಿದ್ದರು. ಇಡೀ ದೇಹವೇ ಒಂದು ದೇಶ, ಒಂದೊಂದು ಜೀವಕೋಶವೂ ಅದರ ಪ್ರಜೆ ಎಂದು ವಿರ್ಚೋ ಹೋಲಿಸುತ್ತಿದ್ದ. ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಜೀವಕೋಶ ಒಡೆದು ಎರಡಾಗಿಯೇ ಹೊಸ ಜೀವಕೋಶ ಹುಟ್ಟುತ್ತದೆ ಎಂದು ರಾಬರ್ಟ್ ರೆಮಾಕ್ ಎಂಬ ವಿಜ್ಞಾನಿ ವಿರ್ಚೋಗಿಂತ ಮೊದಲೇ ತೋರಿಸಿದ್ದ. ಹೆಸರು ಮಾತ್ರ ವಿರ್ಚೋ ಪಾಲಿಗೆ ಬಂತು. ನಿಮ್ಮ ಪಾಠಪುಸ್ತಕದಲ್ಲಿ ವಿರ್ಚೋ ಹೆಸರು ಕಂಡಾಗ ರೆಮಾಕ್‌ನನ್ನೂ ನೆನೆಯಿರಿ.

ಈಗ ಗಡ್ಡೆಯ ವಿಷಯಕ್ಕೆ ಬರೋಣ. ಗಡ್ಡೆಗಳ ಬಗ್ಗೆ ವಿರ್ಚೋ ಕೊಟ್ಟ ಉಪನ್ಯಾಸಗಳು 1863ರಿಂದ ಪುಸ್ತಕವಾಗಿ ಬರತೊಡಗಿದವು. ಒಂದೇ ಜಾಗ ಮತ್ತೆ ಮತ್ತೆ ಕೆರಳುತ್ತಿದ್ದರೆ, ಅಲ್ಲಿ ಉರಿಯೂತ ಆರದೆ ಉಳಿದರೆ, ಮುಂದೆ ಅಲ್ಲಿಯೇ ಗಡ್ಡೆ ಬೆಳೆಯಬಹುದು ಎಂಬುದು ಆತನ ಊಹೆ. ಗಡ್ಡೆಯಲ್ಲಿ ಕಂಡ ಬಿಳಿ ಕಣಗಳು ಈ ಊಹೆಗೆ ಆಧಾರ.

ಊಹೆ ಎಂದೆ. ಏಕೆಂದರೆ ಆತನಿಗೆ ಅದನ್ನು ಸಾಬೀತುಪಡಿಸಲು ಆಗಲಿಲ್ಲ. ಅಷ್ಟೇ ಅಲ್ಲ, ಈ ವಿಷಯದಲ್ಲಿ ಆತ ಎರಡು ಕಡೆ ಎಡವಿದ. ಬಿಳಿ ಕಣಗಳು ಉರಿಯೂತದ ಜಾಗದಲ್ಲೇ ಹುಟ್ಟುತ್ತವೆ ಎಂದು ಆತ ನಂಬಿದ್ದ. ಆತನ ಶಿಷ್ಯ ಯೂಲಿಯಸ್ ಕೋನ್‌ಹೈಮ್ ಬದುಕಿರುವ ಕಪ್ಪೆಯ ತೆಳು ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ಗಂಟೆಗಟ್ಟಲೆ ನೋಡಿದ. ಬಿಳಿ ಕಣಗಳು ರಕ್ತನಾಳದ ಗೋಡೆಯಿಂದ ನುಸುಳಿ ಹೊರಬರುತ್ತಿದ್ದವು! 1867ರಲ್ಲಿ ಆತ ಇದನ್ನು ಪ್ರಕಟಿಸಿದ. ಅಂದರೆ ಕಾವಲುಗಾರರು ಸ್ಥಳೀಯರಲ್ಲ, ಎಲ್ಲಿಂದಲೋ ಕರೆ ಬಂದು ಓಡಿ ಬಂದವರು. ಎರಡನೆಯದಾಗಿ, ಅಂಗಗಳ ನಡುವೆ ಇರುವ ಸಂಯೋಜಕ ಅಂಗಾಂಶದಲ್ಲಿ ಕ್ಯಾನ್ಸರ್ ಹುಟ್ಟುತ್ತದೆ ಎಂದು ವಿರ್ಚೋ ಹೇಳಿದ್ದ. ವಾಲ್ಡೆಯರ್ ಎಂಬ ಇನ್ನೊಬ್ಬ ಜರ್ಮನ್ ವಿಜ್ಞಾನಿ ಅದೇ 1867ರಲ್ಲಿ ಬೇರೆ ಮಾತು ಹೇಳಿದ. ಚರ್ಮ, ಕರುಳು, ಗ್ರಂಥಿಗಳನ್ನು ಹೊದಿಸಿರುವ ಪದರದ ಜೀವಕೋಶಗಳೇ ಕೆಟ್ಟು ಕ್ಯಾನ್ಸರ್ ಆಗುತ್ತವೆ ಎಂದ. ವಾಲ್ಡೆಯರ್ ಹೇಳಿದ್ದೇ ಸರಿ. ಬಹುತೇಕ ಸ್ತನ ಕ್ಯಾನ್ಸರ್‌ಗಳು ತಾಯಿಯ ಹಾಲು ಹರಿಯುವ ನಾಳಗಳ ಒಳಪದರದಲ್ಲಿ ಶುರುವಾಗುತ್ತವೆ ಎಂದು ಇಂದು ನಮಗೆ ಗೊತ್ತಿದೆ. ವಿರ್ಚೋ ಸ್ವಲ್ಪ ಹಟಮಾರಿಯೂ ಹೌದು. ರೋಗಾಣುಗಳಿಂದ ರೋಗ ಬರುತ್ತದೆ ಎಂಬುದನ್ನು ಒಪ್ಪಿಕೊಳ್ಳಲು ಆತ ತುಂಬ ತಡಮಾಡಿದ.

ಆತನ ಬದುಕಿನ ಅತ್ಯಂತ ಕಷ್ಟದ ಪರೀಕ್ಷೆ 1887ರಲ್ಲಿ ಬಂತು. ಜರ್ಮನಿಯ ಯುವರಾಜ ಫ್ರೆಡೆರಿಕ್‌ನ ಧ್ವನಿ ಒಡೆದು ಗೊಗ್ಗರಾಗಿತ್ತು. ಗಂಟಲಲ್ಲಿ ಸಣ್ಣದೊಂದು ಗಂಟು. ಇದು ಕ್ಯಾನ್ಸರ್, ಶಸ್ತ್ರಚಿಕಿತ್ಸೆ ಮಾಡಬೇಕು ಎಂದು ಜರ್ಮನ್ ವೈದ್ಯರು ಹೇಳಿದರು. ಇಂಗ್ಲೆಂಡಿನಿಂದ ಬಂದ ಮೆಕೆಂಜಿ ಎಂಬ ವೈದ್ಯ ಗಂಟಿನ ಚೂರನ್ನು ಕಿತ್ತು ವಿರ್ಚೋಗೆ ಕಳುಹಿಸಿದ. ಇಡೀ ದೇಶ ಆ ಸೂಕ್ಷ್ಮದರ್ಶಕದ ಕಡೆ ನೋಡುತ್ತಿತ್ತು. ಆ ಚೂರಿನಲ್ಲಿ ವಿರ್ಚೋಗೆ ಕ್ಯಾನ್ಸರ್ ಕಾಣಲಿಲ್ಲ. ಕಂಡದ್ದನ್ನೇ ಬರೆದ. ತನ್ನ ತೀರ್ಪು ಕೈಗೆ ಬಂದ ಚೂರಿಗೆ ಸಂಬಂಧಿಸಿದ್ದು ಎಂದು ಎಚ್ಚರಿಕೆಯನ್ನೂ ಸೂಚಿಸಿದ. ಶಸ್ತ್ರಚಿಕಿತ್ಸೆ ನಿಂತಿತು. ಆದರೆ ಗಂಟು ಬೆಳೆಯಿತು. 1888ರ ಮಾರ್ಚ್‌ನಲ್ಲಿ ಫ್ರೆಡೆರಿಕ್ ಚಕ್ರವರ್ತಿಯಾದ, ಕೇವಲ 99 ದಿನ ಆಳಿ ಜೂನ್ 15ರಂದು ತೀರಿಕೊಂಡ. ಸತ್ತ ಮೇಲೆ ನಡೆದ ಪರೀಕ್ಷೆಯಲ್ಲಿ ಕ್ಯಾನ್ಸರ್ ಖಚಿತವಾಯಿತು. ಚೂರು ತೆಗೆದ ಜಾಗದಲ್ಲಿ ಕ್ಯಾನ್ಸರ್ ಇರಲಿಲ್ಲವೇನೋ. ಇಂದು ಸ್ತನದಲ್ಲಿ ಗಂಟು ಕಂಡಾಗ ವೈದ್ಯರು ಸ್ಕ್ಯಾನ್ ನೋಡಿಕೊಂಡು, ಸರಿಯಾದ ಜಾಗಕ್ಕೇ ಸೂಜಿ ಹಾಕಿ, ಒಂದಕ್ಕಿಂತ ಹೆಚ್ಚು ಚೂರುಗಳನ್ನು ತೆಗೆಯುವುದು ಇದಕ್ಕಾಗಿಯೇ.

ವಿರ್ಚೋ ಬರೀ ಪ್ರಯೋಗಾಲಯದ ಮನುಷ್ಯನಲ್ಲ. 1859ರಿಂದ ಸಾಯುವವರೆಗೂ ಬರ್ಲಿನ್ ನಗರಸಭೆಯ ಸದಸ್ಯನಾಗಿದ್ದ. ನಗರಕ್ಕೆ ಒಳಚರಂಡಿ ಬರಲು ಹೋರಾಡಿದ. ಹಂದಿಮಾಂಸದಲ್ಲಿ ಸೇರಿರುವ ಹುಳುವಿನಿಂದ ಜನ ಸಾಯುವುದನ್ನು ಕಂಡು, ಮಾಂಸವನ್ನು ಪರೀಕ್ಷಿಸಿಯೇ ಮಾರಬೇಕೆಂದು ಹಟ ಹಿಡಿದ. ಪ್ರಷ್ಯಾದ ಶಾಸನಸಭೆಯಲ್ಲಿ ಪ್ರಧಾನಿ ಬಿಸ್ಮಾರ್ಕ್‌ನನ್ನು ಎಷ್ಟು ಕೆಣಕಿದನೆಂದರೆ 1865ರಲ್ಲಿ ಬಿಸ್ಮಾರ್ಕ್ ಆತನನ್ನು ದ್ವಂದ್ವಯುದ್ಧಕ್ಕೇ ಕರೆದ! ವಿರ್ಚೋ ಹೋಗಲಿಲ್ಲ. ಇನ್ನೊಂದು ಕೆಲಸ ನಿಮಗೆ ಇಷ್ಟವಾಗಬಹುದು. ಶಾಲಾ ಶಿಕ್ಷಕರ ನೆರವಿನಿಂದ ಸುಮಾರು 67 ಲಕ್ಷ ಮಕ್ಕಳ ಕೂದಲು, ಕಣ್ಣು, ಚರ್ಮದ ಬಣ್ಣವನ್ನು ಬರೆಸಿದ. ಜರ್ಮನ್ನರೆಲ್ಲ ಹೊಂಬಣ್ಣದ ಕೂದಲಿನ ಶುದ್ಧ ಜನಾಂಗ ಎಂಬ ಜಂಬಕ್ಕೆ ಆ ಲೆಕ್ಕದಲ್ಲಿ ಆಧಾರವೇ ಸಿಗಲಿಲ್ಲ. ಎಲ್ಲ ಬಣ್ಣದವರೂ ಎಲ್ಲ ಕಡೆ ಬೆರೆತಿದ್ದರು.

1902ರ ಜನವರಿಯಲ್ಲಿ ಎಂಬತ್ತು ವರ್ಷದ ವಿರ್ಚೋ ಬರ್ಲಿನ್‌ನ ಬೀದಿಯಲ್ಲಿ ಚಲಿಸುತ್ತಿದ್ದ ಟ್ರಾಮ್ ಗಾಡಿಯಿಂದ ಇಳಿಯಲು ಹೋಗಿ ಬಿದ್ದ. ತೊಡೆಯ ಮೂಳೆ ಮುರಿಯಿತು. ಆತ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. ಸೆಪ್ಟೆಂಬರ್ 5ರಂದು ತೀರಿಕೊಂಡ.

ಆತನ ಊಹೆ ಏನಾಯಿತು? ಅದನ್ನು ಜಪಾನಿನವರೆಗೆ ಒಯ್ದವನು ಯಮಗಿವಾ ಎಂಬ ಶಿಷ್ಯ. ಬರ್ಲಿನ್‌ನಲ್ಲಿ ವಿರ್ಚೋ ಬಳಿ ಕಲಿತು ಟೋಕಿಯೋಗೆ ಮರಳಿದ ಈತ, ಇಚಿಕಾವಾ ಎಂಬ ಜೊತೆಗಾರನೊಂದಿಗೆ ಮೊಲಗಳ ಕಿವಿಗೆ ಕಲ್ಲಿದ್ದಲಿನ ಡಾಂಬರನ್ನು ತಿಂಗಳುಗಟ್ಟಲೆ ಹಚ್ಚಿದ. 1915ರಲ್ಲಿ ಕಿವಿಯ ಮೇಲೆ ಕ್ಯಾನ್ಸರ್ ಬೆಳೆದದ್ದನ್ನು ಜಗತ್ತಿಗೆ ತೋರಿಸಿದ. ಆದರೆ ಡಾಂಬರಿನಲ್ಲಿರುವ ರಾಸಾಯನಿಕಗಳು ಜೀವಕೋಶದ ವಂಶವಾಹಿಗಳನ್ನೇ ಕೆಡಿಸುತ್ತವೆ ಎಂದು ಮುಂದೆ ತಿಳಿಯಿತು. ಬರೀ ಕೆರಳಿಕೆಯಿಂದ ಕ್ಯಾನ್ಸರ್ ಹುಟ್ಟುವುದಿಲ್ಲ ಎಂದಾಯಿತು. ಎಲ್ಲರ ಗಮನ ವಂಶವಾಹಿಗಳ ಕಡೆ ಹೋಯಿತು. ಗಡ್ಡೆಯೊಳಗಿನ ಬಿಳಿ ಕಣಗಳನ್ನು ಹೆಚ್ಚಿನವರು ಮರೆತರು.

ಅವುಗಳನ್ನು ಮತ್ತೆ ನೆನಪಿಗೆ ತಂದದ್ದು ಸಂದೇಶ ಒಯ್ಯುವ ಪ್ರೋಟೀನ್‌ಗಳು. ಕಾಲಿಗೆ ಮುಳ್ಳು ಚುಚ್ಚಿದಾಗ ಕಾವಲುಗಾರರಿಗೆ ಸುದ್ದಿ ಹೇಗೆ ಮುಟ್ಟುತ್ತದೆ, ಯೋಚಿಸಿದ್ದೀರಾ? ಗಾಯದ ಹತ್ತಿರದ ಜೀವಕೋಶಗಳು ಪುಟ್ಟ ಪ್ರೋಟೀನ್‌ಗಳನ್ನು ಹೊರಗೆ ಬಿಡುತ್ತವೆ. ಇವು ಅಂಚೆ ಕಾಗದಗಳಿದ್ದಂತೆ. ಜೀವಕೋಶಗಳ ಮೈಮೇಲೆ ಇವನ್ನು ಹಿಡಿಯುವ ಗ್ರಾಹಕಗಳಿರುತ್ತವೆ. ಬೀಗಕ್ಕೆ ಅದರದೇ ಕೀಲಿ ಕೂರುವಂತೆ ಒಂದೊಂದು ಗ್ರಾಹಕಕ್ಕೆ ಅದರದೇ ಪ್ರೋಟೀನ್ ಕೂರುತ್ತದೆ. ಕೂತ ಕೂಡಲೇ ಸುದ್ದಿ ಕೈಯಿಂದ ಕೈಗೆ ದಾಟಿ ಜೀವಕೋಶದ ಕೇಂದ್ರಕ್ಕೆ ಹೋಗುತ್ತದೆ. ಬೇಗ ಬಾ, ಒಡೆದು ಎರಡಾಗು, ಸಾಯಬೇಡ, ಹೊಸ ರಕ್ತನಾಳ ಕಟ್ಟು ಎಂಬಂಥ ಆಜ್ಞೆಗಳು ಜಾರಿಯಾಗುತ್ತವೆ. ಗಾಯ ಮಾಯಲು ಇವೆಲ್ಲ ಬೇಕೇ ಬೇಕು. ಮಾಯ್ದ ಮೇಲೆ ಕಾಗದ ಬರುವುದು ನಿಲ್ಲುತ್ತದೆ.

1986ನೆಯ ಇಸವಿ ಈ ಕಥೆಯಲ್ಲಿ ವಿಶೇಷ. ಆ ವರ್ಷ ಜಪಾನಿನ ವಿಜ್ಞಾನಿಗಳು ಇಂಟರ್‌ಲ್ಯೂಕಿನ್-6 ಎಂಬ ಸಂದೇಶ ಪ್ರೋಟೀನಿನ ವಂಶವಾಹಿಯನ್ನು ಬೇರ್ಪಡಿಸಿದರು. ಅಮೆರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಅವರು ಜೀವಕೋಶದೊಳಗೆ ಇಂಥ ಸಂದೇಶಗಳನ್ನು ಜಾರಿಗೆ ತರುವ ಎನ್‌ಎಫ್-ಕಪ್ಪ-ಬಿ ಎಂಬ ಪ್ರೋಟೀನನ್ನು ಕಂಡರು. ಅಮೆರಿಕದವರೇ ಆದ ಹೆರಾಲ್ಡ್ ಡ್ವೋರಾಕ್ ಎಂಬ ವೈದ್ಯ ಗಡ್ಡೆಯನ್ನು ಎಂದೂ ಮಾಯದ ಗಾಯಕ್ಕೆ ಹೋಲಿಸಿ ಬರೆದರು. ಗಡ್ಡೆಯಲ್ಲಿ ಕಾಗದ ಬರುವುದು ನಿಲ್ಲುವುದೇ ಇಲ್ಲ! ಕ್ಯಾನ್ಸರ್ ಜೀವಕೋಶಗಳೇ ಕಳ್ಳ ಕಾಗದ ಬರೆದು ಕಾವಲುಗಾರರನ್ನು ಕರೆಸಿಕೊಳ್ಳುತ್ತವೆ, ಮೋಸ ಹೋದ ಕಾವಲುಗಾರರು ಬೆಳವಣಿಗೆಯ ಆಜ್ಞೆಗಳನ್ನು ಬರೆದುಕೊಡುತ್ತಾರೆ. 2001ರಲ್ಲಿ ಬ್ರಿಟನ್ನಿನ ಫ್ರಾನ್ಸಿಸ್ ಬಾಲ್ಕ್‌ವಿಲ್ ಮತ್ತು ಇಟಲಿಯ ಆಲ್ಬರ್ಟೊ ಮಾಂಟೊವಾನಿ ಈ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ ವಿರ್ಚೋ ಹೆಸರಿತ್ತು.

ಅದೇ 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಜೆಫ್ರಿ ಪೊಲ್ಲಾರ್ಡ್ ಅವರ ತಂಡ ಸ್ತನ ಕ್ಯಾನ್ಸರ್ ಬರುವ ಇಲಿಗಳ ಮೇಲೆ ಒಂದು ಪ್ರಯೋಗ ಮಾಡಿತು. ಮ್ಯಾಕ್ರೋಫೇಜ್ ಎಂಬ ದೊಡ್ಡ ಬಿಳಿ ಕಣಗಳನ್ನು ಕರೆಯುವ ಸಿಎಸ್‌ಎಫ್-1 ಎಂಬ ಪ್ರೋಟೀನ್ ಕೆಲವು ಇಲಿಗಳಲ್ಲಿ ಇರಲಿಲ್ಲ. ಆ ಇಲಿಗಳಲ್ಲೂ ಗಡ್ಡೆ ಹುಟ್ಟಿತು. ಆದರೆ ಅದು ಶ್ವಾಸಕೋಶಕ್ಕೆ ಹರಡುವುದು ಬಹಳ ಕಡಿಮೆಯಾಯಿತು. ಸ್ತನ ಕ್ಯಾನ್ಸರ್ ಪ್ರಾಣ ತೆಗೆಯುವುದು ಹೀಗೆ ಹರಡಿದಾಗಲೇ, ಆದ್ದರಿಂದ ಇದು ಸಣ್ಣ ಸಂಗತಿಯಲ್ಲ. ಮೂರು ವರ್ಷಗಳ ನಂತರ ಅಲ್ಲಿನ ವಿಜ್ಞಾನಿಗಳೇ ಇನ್ನೂ ಸ್ವಾರಸ್ಯದ ಸಂಗತಿ ಕಂಡರು. ಇಲಿಯ ಗಡ್ಡೆಯಲ್ಲಿ ಕ್ಯಾನ್ಸರ್ ಜೀವಕೋಶ ಮ್ಯಾಕ್ರೋಫೇಜ್‌ಗೆ ಒಂದು ಪ್ರೋಟೀನ್ ಕಳುಹಿಸುತ್ತದೆ, ಮ್ಯಾಕ್ರೋಫೇಜ್ ಕ್ಯಾನ್ಸರ್ ಜೀವಕೋಶಕ್ಕೆ ಇನ್ನೊಂದನ್ನು ಕಳುಹಿಸುತ್ತದೆ. ಹೀಗೆ ಒಂದನ್ನೊಂದು ಸೆಳೆಯುತ್ತಾ ಎರಡೂ ಜೊತೆಯಾಗಿ ತೆವಳುತ್ತವೆ.

ಇಷ್ಟು ಓದಿ ಹೆದರಬೇಡಿ. ಮುಳ್ಳು ಚುಚ್ಚಿದರೆ, ಬಿದ್ದು ಪೆಟ್ಟಾದರೆ ಕ್ಯಾನ್ಸರ್ ಬರುವುದಿಲ್ಲ. ಕ್ಯಾನ್ಸರ್ ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವೂ ಅಲ್ಲ. ಸ್ತನ ಕ್ಯಾನ್ಸರ್‌ಗೆ ವಯಸ್ಸು, ಹಾರ್ಮೋನು, ಕೆಲವು ಮನೆತನಗಳಲ್ಲಿ ಬರುವ ವಂಶವಾಹಿ ಹೀಗೆ ಹಲವು ಕಾರಣಗಳು ಸೇರಬೇಕು. ನೋವಿಲ್ಲದ ಗಂಟೇ ಆದರೂ ತೋರಿಸಿಕೊಳ್ಳಲು ಅಮ್ಮ, ಅಜ್ಜಿ ನಾಚಿಕೊಳ್ಳಬಾರದು, ಬೇಗ ಗೊತ್ತಾದರೆ ಚಿಕಿತ್ಸೆ ಸುಲಭ. ಇಂಟರ್‌ಲ್ಯೂಕಿನ್-6ರ ಸಂದೇಶವನ್ನು ತಡೆಯುವ ಔಷಧಿಯನ್ನು ಕೀಲುವಾತಕ್ಕೆ ಈಗಾಗಲೇ ಕೊಡುತ್ತಾರೆ. ಸ್ತನ ಕ್ಯಾನ್ಸರ್‌ನಲ್ಲಿ ಮಾತ್ರ ಇದಿನ್ನೂ ಸಂಶೋಧನೆಯ ಹಂತದಲ್ಲಿದೆ. ಕಾವಲುಗಾರರನ್ನೆಲ್ಲ ಸುಮ್ಮನಾಗಿಸಿಬಿಟ್ಟರೆ ಬೇರೆ ರೋಗಗಳಿಂದ ಕಾಯುವವರು ಯಾರು?

ಜೊತೆಗೆ ಎಲ್ಲ ಬಿಳಿ ಕಣಗಳೂ ಮೋಸ ಹೋಗುವುದಿಲ್ಲ. ಲಿಂಫೋಸೈಟ್ ಎಂಬ ಬಿಳಿ ಕಣಗಳಲ್ಲಿ ಕ್ಯಾನ್ಸರ್ ಜೀವಕೋಶವನ್ನು ಗುರುತಿಸಿ ಕೊಲ್ಲುವವೂ ಇವೆ. ಕೆಲವು ಬಗೆಯ ಸ್ತನ ಕ್ಯಾನ್ಸರ್‌ಗಳಲ್ಲಿ ಗಡ್ಡೆಯೊಳಗೆ ಲಿಂಫೋಸೈಟ್‌ಗಳು ಹೆಚ್ಚಿದ್ದಷ್ಟೂ ರೋಗಿ ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಹಾಗಾಗಿ ಇಂದು ಗಡ್ಡೆಯ ತೆಳು ಸೀಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡುವ ಎಷ್ಟೋ ವೈದ್ಯರು ಕ್ಯಾನ್ಸರ್ ಜೀವಕೋಶಗಳನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಅವುಗಳ ನಡುವೆ ನಿಂತಿರುವ ಬಿಳಿ ಕಣಗಳು ಯಾವ ಬಗೆಯವು, ಎಷ್ಟಿವೆ ಎಂದು ಅಂದಾಜು ಮಾಡಿ ವರದಿಯಲ್ಲಿ ಬರೆಯುತ್ತಾರೆ.